ಹಿಡಿ ಅಲುಗಾಡುವ ಹಳೇ ಮಂಡಾವ್: ದೋಷ ಯಾವುದು, ದೋಷವಲ್ಲದ್ದು ಯಾವುದು

ಕತ್ತಿಯನ್ನು ಕೈಗೆತ್ತಿಕೊಂಡು ಮೆಲ್ಲಗೆ ಅಲ್ಲಾಡಿಸಿದರೆ ಹಿಡಿಯೊಳಗಿಂದ ಟಕ್ ಟಕ್ ಎಂದು ಸದ್ದು ಬರುತ್ತದೆ. ಅಲಗಿನ ಮೇಲೆ ಅಲ್ಲಲ್ಲಿ ಕಿತ್ತಳೆ ಬಣ್ಣದ ಪುಡಿ. ಒರೆಯ ಎರಡು ಹೋಳುಗಳು ಬಾಯಿ ಬಿಟ್ಟಿವೆ. ತುದಿಯಿಂದ ನೋಡಿದರೆ ಅಲಗು ಸೊಟ್ಟಗಿರುವ ಹಾಗೆ ಕಾಣುತ್ತದೆ. ಹಿಡಿಯ ಬುಡದಲ್ಲಿ ಟಾರಿನಂಥ ಕಪ್ಪು ಕೊಳೆ.

ನೆದರ್‌ಲ್ಯಾಂಡ್ಸ್‌ನ ಒಂದು ಹಳೇ ಸಾಮಾನಿನ ಸಂತೆಯಲ್ಲಿ ನಾನು ಕೊಂಡ ಕತ್ತಿ ಹೀಗಿತ್ತು. ಇಂಡೋನೇಷ್ಯಾ ಬಹಳ ಕಾಲ ಡಚ್ಚರ ಕೈಯಲ್ಲಿತ್ತು. ಅಲ್ಲಿ ಕೆಲಸ ಮಾಡಿ ಬಂದ ಸೈನಿಕರು, ಅಧಿಕಾರಿಗಳು, ತೋಟದ ಮ್ಯಾನೇಜರುಗಳು ತಂದ ಕತ್ತಿಗಳು ಇಲ್ಲಿನ ಮನೆಗಳ ಅಟ್ಟದಲ್ಲಿ ಇನ್ನೂ ಇವೆ. ಮೊಮ್ಮಕ್ಕಳು ಅಟ್ಟ ಖಾಲಿ ಮಾಡುವಾಗ ಅವು ಸಂತೆಗೆ ಬರುತ್ತವೆ. ಐಂಡ್‌ಹೋವನ್, ಆಮ್ಸ್ಟೆಲ್‌ವೇನ್ ಕಡೆ ಕೆಲಸಕ್ಕೆ ಬಂದ ನಮ್ಮ ಕನ್ನಡದವರ ಕೈಗೂ ಒಮ್ಮೊಮ್ಮೆ ಸಿಗುತ್ತವೆ. ನನ್ನ ಕತ್ತಿಗೆ "ಜಾವಾ ಕತ್ತಿ" ಎಂದು ಚೀಟಿ ಅಂಟಿಸಿದ್ದರು. ಅದು ಜಾವಾದ್ದಾಗಿರಲಿಲ್ಲ. ಬೋರ್ನಿಯೋ ದ್ವೀಪದ ದಯಾಕ್ ಜನರ ಮಂಡಾವ್ ಅದು.

ಮನೆಗೆ ತಂದು ಐದು ದೋಷಗಳ ಪಟ್ಟಿ ಮಾಡಿದೆ. ಆಮೇಲೆ ತಿಳಿಯಿತು, ಅದರಲ್ಲಿ ಎರಡು ದೋಷವೇ ಅಲ್ಲ ಎಂದು. ಅಲಗು ಸೊಟ್ಟಗಿರಲಿಲ್ಲ, ಅದನ್ನು ಬಡಿದಿದ್ದೇ ಹಾಗೆ. ಕಪ್ಪು ಕೊಳೆ ಕೊಳೆಯಾಗಿರಲಿಲ್ಲ, ಕತ್ತಿ ಮಾಡಿದವನು ಹಾಕಿದ್ದ ರಾಳ. ಇದು ತಿಳಿಯುವ ಹೊತ್ತಿಗೆ ಆ ರಾಳದ ಒಂದು ಬದಿಯನ್ನು ನಾನು ಚಾಕುವಿನಿಂದ ಕೆರೆದು ತೆಗೆದಾಗಿತ್ತು. ಆ ನೋವು ಇನ್ನೂ ಇದೆ. ನೀವು ಅದೇ ತಪ್ಪು ಮಾಡಬಾರದು ಎಂದೇ ಇದನ್ನು ಬರೆಯುತ್ತಿದ್ದೇನೆ.

ಕೈ ಹಾಕುವ ಮೊದಲು

ಮೊದಲ ದಿನ ಏನನ್ನೂ ತಿಕ್ಕಬೇಡಿ, ತೊಳೆಯಬೇಡಿ, ಎಣ್ಣೆ ಹಚ್ಚಬೇಡಿ. ಬೆಳಕಿರುವ ಕಡೆ ಬಿಳಿ ಬಟ್ಟೆ ಹಾಸಿ, ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ. ಪಕ್ಕದಲ್ಲಿ ಅಳತೆಪಟ್ಟಿ ಇರಲಿ. ಬಟ್ಟೆಯ ಮೇಲೆ ಏನೇನು ಪುಡಿ ಉದುರುತ್ತದೆ ನೋಡಿ, ಅದನ್ನು ಸಣ್ಣ ಕವರಿನಲ್ಲಿ ಎತ್ತಿಡಿ. ಆ ಪುಡಿ ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ.

ಕೈಗವಸು ಹಾಕಿಕೊಳ್ಳಿ. ಬೆವರಿನ ಉಪ್ಪು ಕಬ್ಬಿಣಕ್ಕೆ ಆಗುವುದಿಲ್ಲ. ಇನ್ನೊಂದು ಕಾರಣವೂ ಇದೆ. ಹಿಂದಿನ ಸಂಗ್ರಹಗಳಲ್ಲಿ ಕೂದಲು, ಗರಿ, ಮರ ಇರುವ ವಸ್ತುಗಳಿಗೆ ಹುಳ ಹಿಡಿಯದಿರಲಿ ಎಂದು ಪಾಷಾಣ ಹಾಕುತ್ತಿದ್ದರು. ಮಂಡಾವಿನ ಹಿಡಿಯಲ್ಲಿ ಕೂದಲಿನ ಕುಚ್ಚು ಇರುವುದು ಸಾಮಾನ್ಯ. ಪುಡಿ ಏಳುವ ಕೆಲಸವಿದ್ದರೆ ಮಾಸ್ಕ್ ಕೂಡ ಬೇಕು.

ಒರೆಯಿಂದ ಅಲಗನ್ನು ತೆಗೆಯುವಾಗ ಒರೆಯನ್ನು ಮುಷ್ಟಿಯಲ್ಲಿ ಸುತ್ತಿ ಹಿಡಿಯಬೇಡಿ. ಬಿರುಕು ಬಿಟ್ಟ ಒರೆಯಲ್ಲಿ ಅಲಗಿನ ಬಾಯಿ ಸಂದಿನಿಂದ ಹೊರಗೆ ಬಂದು ಬೆರಳು ಕೊಯ್ಯುತ್ತದೆ. ಅಲಗಿನ ಬೆನ್ನು ಇರುವ ಕಡೆಯಿಂದ, ಅಂಗೈ ಮೇಲೆ ಒರೆಯನ್ನು ಇಟ್ಟುಕೊಂಡು, ಅಲಗನ್ನು ಬೆನ್ನಿನ ಮೇಲೆ ಜಾರಿಸುತ್ತಾ ಎಳೆಯಿರಿ. ಬರದಿದ್ದರೆ ಬಿಡಿ. ಸಿಕ್ಕಿಕೊಂಡ ಅಲಗಿನ ವಿಷಯ ಮುಂದೆ ಬರುತ್ತದೆ.

ಇದು ಯಾವ ಊರಿನ ಕತ್ತಿ?

ದೋಷ ಹುಡುಕುವ ಕೆಲಸ ಶುರುವಾಗುವುದು ಇಲ್ಲಿಂದ. ಕತ್ತಿ ಯಾವುದೆಂದು ಗೊತ್ತಿಲ್ಲದೆ ಅದರಲ್ಲಿ ಏನು ಕೆಟ್ಟಿದೆ ಎಂದು ಹೇಗೆ ಹೇಳುತ್ತೀರಿ, ಅಲ್ವಾ? ಇಂಡೋನೇಷ್ಯಾದಲ್ಲಿ ಸಾವಿರಾರು ದ್ವೀಪಗಳಿವೆ. ಕತ್ತಿ ಕಟ್ಟುವ ರೀತಿ ಒಂದೊಂದು ಕಡೆ ಒಂದೊಂದು. ಅಲಗಿಗಿಂತ ಮೊದಲು ಹಿಡಿ ನೋಡಿ. ಊರು ಹೇಳುವುದು ಹಿಡಿಯೇ.

ಅಲಗು ನೆಟ್ಟಗಿದ್ದು, ಕಪ್ಪು ಕೊಂಬಿನ ಹಿಡಿಯ ತುದಿ ಎರಡಾಗಿ ಸೀಳಿ ಬಾಯಿ ತೆರೆದ ಹಾಗಿದ್ದರೆ ಸುಮಾತ್ರಾ ದ್ವೀಪದ ಆಚೆ (Aceh) ಎಂಬ ಪ್ರಾಂತ್ಯದ ಸಿಕಿನ್ ಪಾಂಜಾಂಗ್ ಕತ್ತಿ ಇರಬಹುದು. ಹಿತ್ತಾಳೆ ಹಿಡಿ, ತುದಿಯಲ್ಲಿ ಬಟ್ಟಲಿನಂಥ ಬಿಲ್ಲೆ ಇದ್ದು ನಮ್ಮ ತಲ್ವಾರಿನ ನೆನಪು ತರುತ್ತಿದ್ದರೆ ಸುಮಾತ್ರಾದ್ದೇ ಬತಾಕ್ ಜನರ ಪಿಸೊ ಪೊಡಾಂಗ್ ಇರಬಹುದು. ಆ ನೆನಪು ಸುಮ್ನೆ ಬರುವುದಲ್ಲ, ಆ ಹಿಡಿಯ ಮಾದರಿ ಹೋಗಿದ್ದೇ ಭಾರತದಿಂದ. ಹಿಡಿಯಲ್ಲಿ ಹಲ್ಲು ಕಿರಿದ ಮೃಗದ ತಲೆ, ಒರೆಗೆ ಹಲ್ಲು ಮತ್ತು ತಾಯಿತಗಳ ದುಂಡಗಿನ ಬುಟ್ಟಿ ಕಟ್ಟಿದ್ದರೆ ಅದು ನಿಯಾಸ್ ದ್ವೀಪದ ಬಲಾತು. ಕೈಗೆ ಕಬ್ಬಿಣದ ಬುಟ್ಟಿಯಂಥ ಕಾಪು ಇದ್ದು, ಅಲಗಿನ ಬುಡದಲ್ಲಿ ಹೆಂಬ್ರುಗ್ ಅಥವಾ ಮಿಲ್ಸ್‌ಕೊ ಎಂಬ ಮುದ್ರೆ ಕಂಡರೆ ಅದು ಕಾರ್ಖಾನೆಯ ಮಾಲು. ಡಚ್ ವಸಾಹತು ಸೈನ್ಯ ಬಳಸುತ್ತಿದ್ದ 1898ರ ಮಾದರಿಯ ಕ್ಲೆವಾಂಗ್. ಮಿಲ್ಸ್‌ಕೊ ಮುದ್ರೆಯವು ಅಮೆರಿಕದಲ್ಲಿ ತಯಾರಾದವು. ಅವುಗಳ ರಿಪೇರಿ ದಾರಿಯೇ ಬೇರೆ, ಇಲ್ಲಿ ಹೇಳುವುದಿಲ್ಲ.

ಮಂಡಾವನ್ನು ಗುರುತಿಸಲು ನನಗೆ ಮೂರು ಗುರುತು ಸಾಕು.

ಒಂದು, ಹಿಡಿ. ಹಳೇ ಒಳ್ಳೇ ಮಂಡಾವಿನ ಹಿಡಿ ಜಿಂಕೆ ಕೊಂಬಿನದು. ಕೊಂಬು ಕವಲೊಡೆಯುವ ಜಾಗವನ್ನೇ ಬಳಸಿ, ಮೃಗದ ತಲೆಯ ಹಾಗೆ ಕೆತ್ತಿರುತ್ತಾರೆ. ಮರದ ಹಿಡಿಯವೂ ಇವೆ. ಬೋರ್ನಿಯೋದಲ್ಲಿ ಹಿಡಿಗೆ ಒದಗುವ ದೊಡ್ಡ ಕೊಂಬು ಸಾಂಬಾರ್ ಜಿಂಕೆಯದು. ಅಂದರೆ ನಾಗರಹೊಳೆ, ಬಂಡೀಪುರದಲ್ಲಿ ನಾವು ನೋಡುವ ಕಡವೆ. ಒಂದೇ ಜಾತಿ. ಕಡವೆ ಕೊಂಬಿನ ಮೇಲ್ಮೈಯನ್ನು ಹತ್ತಿರದಿಂದ ನೋಡಿದವರಿಗೆ ಈ ಹಿಡಿಯ ಏರುತಗ್ಗು ತಕ್ಷಣ ಗುರುತು ಸಿಗುತ್ತದೆ. ಕೊಂಬಿನ ಒಳಭಾಗ ಸ್ಪಂಜಿನ ಹಾಗೆ ತೂತುತೂತಾಗಿರುತ್ತದೆ. ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟಿಕ್ಕಿನಲ್ಲಿ ಈ ತೂತು ಇರುವುದಿಲ್ಲ, ಬದಲಿಗೆ ಪಕ್ಕದಲ್ಲಿ ಉದ್ದಕ್ಕೆ ಅಚ್ಚಿನ ಗೆರೆ ಕಾಣುತ್ತದೆ.

ಎರಡು, ಅಲಗಿನ ಅಡ್ಡ ಆಕಾರ. ಇದೇ ದೊಡ್ಡ ಗುರುತು. ಅಲಗಿನ ಒಂದು ಬದಿಗೆ ಅಡ್ಡಲಾಗಿ ಸ್ಟೀಲ್ ಸ್ಕೇಲ್ ಇಡಿ. ಮಧ್ಯದಲ್ಲಿ ಬೆಳಕು ತೂರಿ ಬರುತ್ತದೆ, ಅಂದರೆ ಆ ಬದಿ ಒಳಗೆ ತಗ್ಗಿದೆ. ತಿರುಗಿಸಿ ಇನ್ನೊಂದು ಬದಿಗೆ ಇಡಿ. ಈಗ ಸ್ಕೇಲ್ ಮಧ್ಯದಲ್ಲಿ ತಾಗಿ ಎರಡೂ ಕಡೆ ಅಲ್ಲಾಡುತ್ತದೆ, ಅಂದರೆ ಆ ಬದಿ ಹೊರಗೆ ಉಬ್ಬಿದೆ. ಒಂದು ಬದಿ ತಗ್ಗು, ಇನ್ನೊಂದು ಬದಿ ಉಬ್ಬು. ಬಲಗೈಯವರಿಗೆ ಒಂದು ರೀತಿ, ಎಡಗೈಯವರಿಗೆ ಅದರ ಉಲ್ಟಾ. ಪ್ರವಾಸಿಗಳಿಗೆಂದು ಮಾಡಿದ ಕತ್ತಿಗಳು ಹೆಚ್ಚಾಗಿ ತಗಡು ಕತ್ತರಿಸಿ ಮಾಡಿದವು. ಎರಡೂ ಬದಿ ಚಪ್ಪಟೆ.

ಮೂರು, ಒರೆ. ಎರಡು ಮರದ ಹೋಳುಗಳನ್ನು ಜೋಡಿಸಿ ಬೆತ್ತದ ಹೆಣಿಗೆಯಿಂದ ಬಿಗಿದಿರುತ್ತಾರೆ. ಮೈಗೆ ತಾಗುವ ಬದಿಯಲ್ಲಿ ಇನ್ನೊಂದು ಸಣ್ಣ ಚೀಲ. ಅದರಲ್ಲಿ ಉದ್ದ ಹಿಡಿಯ ಪುಟ್ಟ ಚಾಕು. ಬೆತ್ತ ಸೀಳಲು, ಕೆತ್ತನೆ ಮಾಡಲು ಅದು ಬೇಕು. ಹೆಚ್ಚಿನ ಕತ್ತಿಗಳಲ್ಲಿ ಚಾಕು ಕಳೆದುಹೋಗಿ ಖಾಲಿ ಚೀಲ ಮಾತ್ರ ಉಳಿದಿರುತ್ತದೆ. ನನ್ನದರಲ್ಲೂ ಅಷ್ಟೇ.

ಇದು ತಲೆ ಬೇಟೆಯ ಕತ್ತಿ ಎಂದು ಮಾರುವವರು ಹೇಳುತ್ತಾರೆ. ಆ ಮಾತಿಗೆ ಜಾಸ್ತಿ ದುಡ್ಡು ಕೊಡಬೇಡಿ. ದಯಾಕ್ ಜನರ ಮುಖಂಡರು 1894ರಲ್ಲಿ ತುಂಬಾಂಗ್ ಅನೋಯ್ ಎಂಬ ಊರಿನಲ್ಲಿ ಸೇರಿ ತಲೆ ಬೇಟೆ ನಿಲ್ಲಿಸಲು ಒಪ್ಪಿದರು. ಮಂಡಾವ್ ಮಾಡುವುದು ಅಲ್ಲಿಗೆ ನಿಲ್ಲಲಿಲ್ಲ. ಕಾಡು ಸವರಲು, ಕುಣಿತಕ್ಕೆ, ಮದುವೆಗೆ, ಉಡುಗೊರೆಗೆ ಇವತ್ತಿಗೂ ಮಾಡುತ್ತಾರೆ. ಅಲಗಿನ ಮೇಲಿನ ಕಂದು ಕಲೆ ರಕ್ತ ಅನ್ನುವುದೂ ಅಂಥದ್ದೇ ಮಾತು. ಬಹುಪಾಲು ಅದು ತುಕ್ಕು ಅಥವಾ ಒಣಗಿದ ಎಣ್ಣೆ. ಇದು ಒಬ್ಬ ಕಮ್ಮಾರನ, ಒಬ್ಬ ಕೆತ್ತನೆಗಾರನ, ಬೆತ್ತ ಹೆಣೆದವರ ಕೆಲಸ. ನನಗೆ ಅದೇ ದೊಡ್ಡದು.

ಹೋಲಿಸಿ ನೋಡಲು ಲೈಡನ್‌ನ ಜನಾಂಗ ಮ್ಯೂಸಿಯಂ ಇದೆ, ಈಗ ಅದರ ಹೆಸರು ವೆರೆಲ್ಡ್ ಮ್ಯೂಸಿಯಂ. ಅವರ ಸಂಗ್ರಹದ ಫೋಟೋಗಳನ್ನು ಆನ್‌ಲೈನ್‌ನಲ್ಲೇ ನೋಡಬಹುದು. ಕತ್ತಿಗೆ ಅಂಟಿದ ಹಳೇ ಚೀಟಿ, ಒರೆಯ ಮೇಲೆ ಶಾಯಿಯಲ್ಲಿ ಬರೆದ ನಂಬರು, ಯಾವುದನ್ನೂ ತೆಗೆಯಬೇಡಿ. ಯಾರಿಂದ, ಯಾವ ವರ್ಷ, ಹೇಗೆ ಬಂತು ಅನ್ನುವುದಕ್ಕೆ ಅದೊಂದೇ ಸಾಕ್ಷಿ ಇರಬಹುದು. ಡಚ್ಚರ ವಿರುದ್ಧ ಹೋರಾಡಿದ ಜಾವಾದ ರಾಜಕುಮಾರ ದೀಪೊನೆಗೊರೊನ ಕ್ರಿಸ್ ಕಠಾರಿಯನ್ನು ನೆದರ್‌ಲ್ಯಾಂಡ್ಸ್ 2020ರಲ್ಲಿ ಇಂಡೋನೇಷ್ಯಾಕ್ಕೆ ಮರಳಿಸಿತು. ಅದಕ್ಕೂ ಮೊದಲು, ಸಂಗ್ರಹದಲ್ಲಿರುವ ಕ್ರಿಸ್‌ಗಳಲ್ಲಿ ಅವನದು ಯಾವುದು ಎಂದು ಪತ್ತೆ ಮಾಡಲು ಹಳೇ ದಾಖಲೆಗಳನ್ನೆಲ್ಲ ಜಾಲಾಡಬೇಕಾಯಿತು. 2023ರಲ್ಲಿ ಇಂಡೋನೇಷ್ಯಾ ಮತ್ತು ಶ್ರೀಲಂಕಾಕ್ಕೆ ಒಟ್ಟು 478 ವಸ್ತುಗಳನ್ನು ಮರಳಿಸಲು ಒಪ್ಪಿತು. ಕೊಳ್ಳೆಯ ಮಾಲೋ ಉಡುಗೊರೆಯೋ ಎಂದು ತಿಳಿಯುವುದು ಇಂಥ ಚೀಟಿಗಳಿಂದಲೇ.

ದೋಷದ ಹಾಗೆ ಕಾಣುವ, ದೋಷವಲ್ಲದ ಸಂಗತಿಗಳು

ಅಲಗು ಸೊಟ್ಟಗಿದೆ. ಇಲ್ಲ. ಒಂದು ಬದಿ ತಗ್ಗು, ಒಂದು ಬದಿ ಉಬ್ಬು ಇರುವ ಅಲಗನ್ನು ತುದಿಯಿಂದ ನೋಡಿದರೆ ತಿರುಚಿದ ಹಾಗೆಯೇ ಕಾಣುತ್ತದೆ. ಇದನ್ನು ಬಡಿದು ನೆಟ್ಟಗೆ ಮಾಡಲು ಹೋದವರಿದ್ದಾರೆ, ಗ್ರೈಂಡರ್ ಹಿಡಿದು ಚಪ್ಪಟೆ ಮಾಡಿದವರೂ ಇದ್ದಾರೆ. ಅಂಥ ಅಲಗನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಬೆನ್ನಿನ ಗೆರೆಯನ್ನು ಮಾತ್ರ ನೋಡಿ. ಹಿಡಿಯಿಂದ ತುದಿಯವರೆಗೆ ಬೆನ್ನು ಒಂದೇ ಹದದಲ್ಲಿ ಹೋಗುತ್ತಿದ್ದರೆ ಅಲಗು ಸರಿಯಾಗಿದೆ. ಒಂದು ಕಡೆ ಥಟ್ಟನೆ ಮುರಿದ ಹಾಗೆ ತಿರುಗಿದ್ದರೆ ಮಾತ್ರ ಬಾಗಿದೆ ಎಂದು ಅರ್ಥ.

ಅಲಗಿನಲ್ಲಿ ತೂತುಗಳಿವೆ. ಬೆನ್ನಿನ ಉದ್ದಕ್ಕೂ ಸಾಲಾಗಿ ಸಣ್ಣ ದುಂಡು ತೂತು ಇದ್ದರೆ ಅವು ಹಿತ್ತಾಳೆ ತುಂಬಿದ್ದ ಜಾಗಗಳು. ಕೆಲವು ಉದುರಿರುತ್ತವೆ. ಖಾಲಿ ತೂತಿನಿಂದ ಕತ್ತಿಗೆ ಅಪಾಯವಿಲ್ಲ. ಹೊಸ ಹಿತ್ತಾಳೆ ತುಂಬುವ ಅವಸರ ಬೇಡ.

ಬೆನ್ನಿನ ತುದಿ ಕಡೆ ಮುರಿದ ಹಾಗಿದೆ. ಭೂತಗನ್ನಡಿ ಹಿಡಿದು ನೋಡಿ. ಅಲ್ಲಿ ಸುರುಳಿ ಸುರುಳಿಯಾಗಿ ಕೊರೆದ ಕೆತ್ತನೆ ಇರುತ್ತದೆ. ಒಂದೆರಡು ಸುರುಳಿ ಮುರಿದಿದ್ದರೆ ಹಾಗೇ ಇರಲಿ.

ಹಿಡಿಯ ಬುಡದಲ್ಲಿ ಕಪ್ಪು ಮೆತ್ತಿಕೊಂಡಿದೆ. ನಾನು ಸೋತದ್ದು ಇಲ್ಲೇ. ಅಲಗು ಹಿಡಿಯೊಳಗೆ ಹೋಗುವ ಜಾಗದಲ್ಲಿ ಕಪ್ಪು ಅಥವಾ ಗಾಢ ಕಂದು ಬಣ್ಣದ ಗಟ್ಟಿ ಪಟ್ಟಿ ಇರುತ್ತದೆ. ಅದು ಮರದಿಂದ ಇಳಿಸಿದ ರಾಳ. ಹಿಡಿಯನ್ನು ಅಲಗಿಗೆ ಕಚ್ಚಿಸಿರುವುದೇ ಅದು. ಉಳಿದದ್ದು ಹೊರಗೆ ಕಾಣುವ ಪಟ್ಟಿಯಾಗಿ ನಿಂತಿರುತ್ತದೆ. ಕೆಲವು ಕತ್ತಿಗಳಲ್ಲಿ ಆ ಪಟ್ಟಿಯ ಮೇಲೆ ಬೆರಳಿನಿಂದ ಒತ್ತಿದ ಗುರುತೂ ಉಳಿದಿರುತ್ತದೆ. ಕೊಳೆಯೋ ರಾಳವೋ ಎಂದು ತಿಳಿಯಬೇಕಾದರೆ ಕೆರೆಯಬೇಡಿ. ಸೀಮೆಎಣ್ಣೆಯಲ್ಲಿ ಅದ್ದಿ ಹಿಂಡಿದ ಹತ್ತಿಯನ್ನು ಒಂದು ಮೂಲೆಗೆ ಮಾತ್ರ ತಾಗಿಸಿ. ಎಣ್ಣೆ ಜಿಡ್ಡಾದರೆ ಹತ್ತಿಗೆ ಬೇಗ ಬರುತ್ತದೆ. ರಾಳವಾದರೆ ಅಷ್ಟು ಸುಲಭಕ್ಕೆ ಬರುವುದಿಲ್ಲ, ಗಾಜಿನ ಹಾಗೆ ಮಿರುಗುತ್ತದೆ. ಸ್ವಲ್ಪ ಕರಗುವ ಸೂಚನೆ ಕಂಡರೂ ಅಲ್ಲಿಗೇ ನಿಲ್ಲಿಸಿ.

ಹಿಡಿ ಅಲುಗಾಡುವುದು ಏಕೆ?

ಈಗ ನಿಜವಾದ ದೋಷಕ್ಕೆ ಬರೋಣ. ಮಂಡಾವಿನ ಅಲಗಿಗೆ ಮೊನಚಾಗುತ್ತಾ ಹೋಗುವ ಗಿಡ್ಡ ಬಾಲ ಇರುತ್ತದೆ. ಹಿಡಿಯಲ್ಲಿ ತೂತು ಕೊರೆದು, ಬಿಸಿ ರಾಳ ತುಂಬಿ, ಆ ಬಾಲವನ್ನು ಒಳಗೆ ಒತ್ತುತ್ತಾರೆ. ರಾಳ ಆರಿದರೆ ಹಿಡಿ ಕಚ್ಚಿಕೊಳ್ಳುತ್ತದೆ. ಹಿಡಿಯನ್ನು ತೂರಿ ಹೋಗುವ ಮೊಳೆ ಇಲ್ಲ, ತಿರುಪು ಇಲ್ಲ. ನಮ್ಮ ತಲ್ವಾರುಗಳ ಹಿಡಿಯಲ್ಲಿ ಅರಗು ಮಾಡುತ್ತಿದ್ದ ಕೆಲಸವನ್ನೇ ಇಲ್ಲಿ ರಾಳ ಮಾಡುತ್ತದೆ. ಈ ಜೋಡಣೆ ಕಟ್ಟಿದ್ದೇ ಬಿಚ್ಚಲಿಕ್ಕಾಗಿ. ಹಿಡಿ ಒಡೆದರೆ ಬಿಸಿ ಮಾಡಿ ಬಿಚ್ಚಿ ಹೊಸದು ಹಾಕಬಹುದು. ಅದನ್ನು ಬಿಚ್ಚಲಾಗದ ಹಾಗೆ ಮಾಡುವ ಹಕ್ಕು ನಮಗಿಲ್ಲ ಎಂದೇ ನನ್ನ ನಂಬಿಕೆ.

ಅಲುಗಾಟದಲ್ಲಿ ಬಗೆಗಳಿವೆ. ಅಲಗನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಮೇಜಿನ ಮೇಲೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಹಿಡಿಯನ್ನು ಬಹಳ ಮೆಲ್ಲಗೆ ಆಡಿಸಿ.

ಹಿಡಿ ಅಲಗಿನ ಸುತ್ತ ತಿರುಗುತ್ತದೆ, ಎಳೆದರೆ ಹೊರಗೂ ಬರುವ ಹಾಗಿದೆ ಎಂದಾದರೆ ರಾಳದ ಹಿಡಿತ ಪೂರ್ತಿ ಬಿಟ್ಟಿದೆ. ರಾಳಕ್ಕೆ ವಯಸ್ಸಾದ ಹಾಗೆ ಮೆದು ಹೋಗಿ ಗಾಜಿನ ಹಾಗೆ ಪೆಡಸಾಗುತ್ತದೆ. ಒಮ್ಮೆ ಕೆಳಗೆ ಬಿದ್ದರೆ ಸಾಕು, ಒಳಗೇ ಪುಡಿ ಪುಡಿ.

ತಿರುಗುವುದಿಲ್ಲ, ಅತ್ತಿತ್ತ ಮಾತ್ರ ಆಡುತ್ತದೆ ಎಂದಾದರೆ ಒಳಗಿನ ರಾಳ ಗಟ್ಟಿಯಾಗಿದೆ, ಬಾಯಿಯ ಹತ್ತಿರದ್ದು ಮಾತ್ರ ಒಡೆದಿದೆ. ಹಿಡಿಯ ಬುಡಕ್ಕೆ ಸುತ್ತಿದ ಬೆತ್ತ ಸಡಿಲವಾಗಿದ್ದರೂ ಹೀಗೇ ಆಗುತ್ತದೆ. ಇದು ಚಿಕ್ಕ ರಿಪೇರಿ.

ಆಡಿಸಿದಾಗ ಕೊಂಬಿನಲ್ಲಿ ಉದ್ದಕ್ಕೆ ಒಂದು ಗೆರೆ ತೆರೆದು ಮುಚ್ಚುತ್ತದೆ ಎಂದಾದರೆ ಅಲ್ಲಿಗೇ ನಿಲ್ಲಿಸಿ. ಒಳಗಿನ ಬಾಲ ತುಕ್ಕು ಹಿಡಿದಿದೆ. ತುಕ್ಕು ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ ತಿನ್ನುತ್ತದೆ. ಜಾಗ ಸಾಲದೆ ಅದು ಕೊಂಬನ್ನು ಒಳಗಿಂದ ಸೀಳುತ್ತಿದೆ. ಇದು ಮನೆಯಲ್ಲಿ ಮಾಡುವ ಕೆಲಸವಲ್ಲ. ಮ್ಯೂಸಿಯಂ ವಸ್ತುಗಳ ರಿಪೇರಿ ಮಾಡುವವರು ಎಕ್ಸ್‌ರೇ ತೆಗೆದು ಬಾಲ ಎಷ್ಟು ಉಳಿದಿದೆ ಎಂದು ನೋಡಿ ಮುಂದುವರಿಯುತ್ತಾರೆ. ಅವರ ಹತ್ತಿರ ಒಯ್ಯಿರಿ.

ಮೊದಲ ದಿನ ಎತ್ತಿಟ್ಟ ಪುಡಿ ಈಗ ಬೇಕು. ಬಿಳಿ ಕಾಗದದ ಮೇಲೆ ಸುರಿದು ಭೂತಗನ್ನಡಿಯಲ್ಲಿ ನೋಡಿ. ಕಪ್ಪಗೆ ಮಿರುಗುವ ಚೂಪಾದ ಚೂರುಗಳು ರಾಳ. ಕಿತ್ತಳೆ, ಕಂದು ಬಣ್ಣದ ಮಂಕು ಪುಡಿ ತುಕ್ಕು. ಮರಳಿನ ಹಾಗೆ ತಿಳಿ ಹಳದಿ ಪುಡಿ ಒರೆಯಿಂದ ಬಂದ ಮರದ ಹಿಟ್ಟು, ಅಂದರೆ ಕುಟ್ಟೆ ಹುಳ ಇದೆ. ನನ್ನ ಕಾಗದದ ಮೇಲೆ ಬಹುಪಾಲು ರಾಳದ ಚೂರು, ಜೊತೆಗೆ ಚಿಟಿಕೆಯಷ್ಟು ತುಕ್ಕು ಇತ್ತು. ಹಿಡಿ ತಿರುಗುತ್ತಿತ್ತು. ಕೊಂಬಿನಲ್ಲಿ ಬಿರುಕಿರಲಿಲ್ಲ. ರೋಗ ಗೊತ್ತಾಯಿತು.

ಪುಡಿಯಲ್ಲಿ ಹೊಳೆಯುವ, ಬಣ್ಣವಿಲ್ಲದ ಪ್ಲಾಸ್ಟಿಕ್ಕಿನಂಥ ಚೂರು ಕಂಡರೆ ಯಾರೋ ಮೊದಲೇ ಎಪಾಕ್ಸಿ ಅಂಟು ಹಾಕಿದ್ದಾರೆ ಎಂದು ತಿಳಿಯಿರಿ. ಅದು ಬಿಸಿಗೆ ರಾಳದ ಹಾಗೆ ಕರಗುವುದಿಲ್ಲ. ಬಲವಂತ ಮಾಡಿದರೆ ಅಂಟು ಬಿಡುವ ಮೊದಲು ಕೊಂಬು ಒಡೆಯುತ್ತದೆ. ಅದನ್ನೂ ಬಲ್ಲವರಿಗೇ ಬಿಡಿ.

ರಾಳ ಕರಗಿಸಿ ಹಿಡಿ ಕೂರಿಸುವುದು

ಅರಗು, ರಾಳಗಳು ಸುಮಾರು 60ರಿಂದ 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆತ್ತಗಾಗುತ್ತವೆ. ಉಕ್ಕಿನ ಹದ ಕೆಡಲು ಸುಮಾರು 200 ಡಿಗ್ರಿ ದಾಟಬೇಕು. ಹಾಗಾಗಿ ಅಲಗಿಗೆ ಅಪಾಯವಿಲ್ಲ. ಅಪಾಯ ಇರುವುದು ಕೊಂಬಿಗೆ. ಕೊಂಬಿಗೆ ನೇರ ಬಿಸಿ ತಾಗಿದರೆ ಬಿರಿಯುತ್ತದೆ, ನೀರಿನಲ್ಲಿ ಕುದಿಸಿದರೆ ಉಬ್ಬಿ ಸೊಟ್ಟಗಾಗುತ್ತದೆ. ಬಿಸಿ ಅಲಗಿನ ಮೂಲಕ ಒಳಗೆ ಹೋಗಬೇಕು, ಕೊಂಬಿನ ಮೂಲಕ ಅಲ್ಲ.

ಹಿಡಿಗೆ ಮೊದಲು ಒಣ ಬಟ್ಟೆ, ಅದರ ಮೇಲೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ. ಕೂದಲಿನ ಕುಚ್ಚು ಇದ್ದರೆ ಅದನ್ನೂ ಒಳಗೆ ಸೇರಿಸಿ. ಅಲಗಿನ ಬುಡದ ಮೂರು ನಾಲ್ಕು ಇಂಚಿಗೆ ಮಾತ್ರ ಹೇರ್ ಡ್ರೈಯರ್ ಹಿಡಿಯಿರಿ. ಗ್ಯಾಸ್ ಒಲೆ, ಮೇಣದ ಬತ್ತಿ, ಬ್ಲೋ ಟಾರ್ಚ್ ಯಾವುದೂ ಬೇಡ. ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಒಳ್ಳೆಯದು. ಅಲಗಿನ ಬುಡ 70 ಡಿಗ್ರಿ ಮುಟ್ಟಿದ ಮೇಲೆ ಅಲ್ಲೇ ನಿಲ್ಲಿಸಿ, ಐದಾರು ನಿಮಿಷ ತಾಳಿ. ಕಬ್ಬಿಣದಿಂದ ಬಿಸಿ ಒಳಗೆ ಹರಿಯಲು ಹೊತ್ತು ಬೇಕು.

ಇಲ್ಲಿ ಎರಡು ದಾರಿ ಇದೆ. ಒಳಗೆ ಸಾಕಷ್ಟು ರಾಳ ಇದ್ದರೆ ಹಿಡಿಯನ್ನು ಎಳೆಯದೆ, ಮೆತ್ತಗಾದಾಗ ಒಳಗೆ ಒತ್ತಿ, ಸರಿಯಾದ ಕೋನಕ್ಕೆ ತಿರುಗಿಸಿ ಆರಲು ಬಿಡಿ. ಎಷ್ಟೋ ಸಲ ಇಷ್ಟೇ ಸಾಕು. ನನ್ನದು ಒಪ್ಪಲಿಲ್ಲ. ಆರಿದ ಮೇಲೆ ಮತ್ತೆ ಟಕ್ ಟಕ್. ಒಳಗಿನ ರಾಳ ಪೂರ್ತಿ ಪುಡಿಯಾಗಿತ್ತು. ಹಾಗಾಗಿ ಇನ್ನೊಂದು ಸಲ ಬಿಸಿ ಮಾಡಿ ಹಿಡಿಯನ್ನು ಹೊರಗೆ ತೆಗೆದೆ. ತೆಗೆಯುವಾಗ ತಿರುಚದೆ ನೇರ ಎಳೆಯಬೇಕು. ಎಳೆಯುವ ಮೊದಲು ಅಲಗಿಗೂ ಹಿಡಿಗೂ ಒಂದೇ ಗೆರೆಯಲ್ಲಿ ಸಣ್ಣ ಕಾಗದದ ಪಟ್ಟಿ ಅಂಟಿಸಿಕೊಳ್ಳಿ, ಮತ್ತೆ ಕೂರಿಸುವಾಗ ಕೋನ ತಪ್ಪುವುದಿಲ್ಲ.

ಬಾಲದ ಮೇಲಿನ ಸಡಿಲ ತುಕ್ಕನ್ನು ಬಿದಿರಿನ ಕಡ್ಡಿಯಿಂದ ಬಿಡಿಸಿದೆ. ಹಳೇ ರಾಳದ ಚೂರುಗಳನ್ನೆಲ್ಲ ಕೂಡಿಸಿದೆ. ಅದಕ್ಕೆ ಸೇರಿಸಲು ಚಿತ್ರ ಬರೆಯುವವರ ಸಾಮಾನಿನ ಅಂಗಡಿಯಿಂದ ದಮ್ಮಾರ್ ರಾಳ ತಂದೆ. ದಮಾರ್ ಅನ್ನುವುದು ಮಲಯ ಭಾಷೆಯ ಮಾತು, ಅರ್ಥ ರಾಳ ಎಂದೇ. ನಮ್ಮ ಪಶ್ಚಿಮ ಘಟ್ಟದ ಧೂಪದ ಮರವೂ ಆಗ್ನೇಯ ಏಷ್ಯಾದ ಆ ಮರಗಳ ಕುಟುಂಬದ್ದೇ. ನಾಲ್ಕು ಪಾಲು ರಾಳಕ್ಕೆ ಒಂದು ಪಾಲು ಜೇನುಮೇಣ, ಸ್ವಲ್ಪ ಇದ್ದಿಲ ಪುಡಿ. ಮೇಣ ಹಾಕದಿದ್ದರೆ ರಾಳ ಮತ್ತೆ ಪೆಡಸಾಗಿ ಒಡೆಯುತ್ತದೆ. ಇದನ್ನು ಹಳೇ ತಟ್ಟೆಯಲ್ಲಿ ಹಾಕಿ, ಬಿಸಿನೀರಿನ ಪಾತ್ರೆಯ ಮೇಲೆ ಇಟ್ಟು ಕರಗಿಸಿ. ಅದು ಕರಗದಷ್ಟು ಗಟ್ಟಿಯಾಗಿದ್ದರೆ ಕರೆಂಟ್ ಒಲೆಯ ಸಣ್ಣ ಉರಿ. ಬೆಂಕಿಯ ಮೇಲೆ ನೇರ ಇಟ್ಟರೆ ಹೊತ್ತಿಕೊಳ್ಳುತ್ತದೆ.

ತೂತಿನ ಮುಕ್ಕಾಲು ಪಾಲು ತುಂಬಿ, ಬಿಸಿ ಮಾಡಿದ ಬಾಲವನ್ನು ಒತ್ತಿ. ಪೂರ್ತಿ ತುಂಬಿದರೆ ಎಲ್ಲ ಹೊರಗೆ ಉಕ್ಕುತ್ತದೆ. ಬಾಯಿಯಲ್ಲಿ ಉಕ್ಕಿದ್ದನ್ನು ಒದ್ದೆ ಬೆರಳಿನಿಂದ ತಟ್ಟಿ ಪಟ್ಟಿಯ ಆಕಾರಕ್ಕೆ ತಂದೆ. ಒಂದು ರಾತ್ರಿ ಮುಟ್ಟದೆ ಬಿಟ್ಟೆ. ಬೆಳಿಗ್ಗೆ ಅಲ್ಲಾಡಿಸಿದಾಗ ಸದ್ದಿರಲಿಲ್ಲ. ಆ ಮೌನ ಕೇಳಿ ಆದ ಸಂತೋಷ ಹೇಳಲಾರೆ.

ತುಕ್ಕು: ಯಾವುದನ್ನು ತೆಗೆಯಬೇಕು?

ಎಲ್ಲ ತುಕ್ಕೂ ಒಂದೇ ಅಲ್ಲ. ಕಪ್ಪಗೆ ಅಥವಾ ಗಾಢ ಕಂದಾಗಿ, ನುಣುಪಾಗಿ, ಗಟ್ಟಿಯಾಗಿ ಕೂತಿರುವುದು ಹಳೇ ಮೈಬಣ್ಣ. ಅದು ಒಳಗಿನ ಕಬ್ಬಿಣಕ್ಕೆ ಹೊದಿಕೆಯಾಗಿದೆ, ಬಿಡಿ. ಕಿತ್ತಳೆ ಬಣ್ಣದ, ಬೆರಳಿಗೆ ಹತ್ತುವ, ಪದರ ಏಳುವ ತುಕ್ಕು ಇನ್ನೂ ತಿನ್ನುತ್ತಿದೆ. ಅನುಮಾನ ಇದ್ದರೆ ಸಡಿಲ ಪುಡಿಯನ್ನು ಒಣ ಬ್ರಷ್‌ನಿಂದ ತೆಗೆದು ಫೋಟೋ ಹಿಡಿಯಿರಿ. ಎರಡು ವಾರ ಬಿಟ್ಟು ನೋಡಿ. ಅದೇ ಜಾಗದಲ್ಲಿ ಹೊಸ ಕಿತ್ತಳೆ ಚುಕ್ಕೆ ಎದ್ದಿದ್ದರೆ ತುಕ್ಕಿಗೆ ಜೀವ ಇದೆ. ಕಂದು ಹನಿಗಳು ಬೆವರಿನ ಹಾಗೆ ಮೂಡಿದ್ದರೆ ಒಳಗೆ ಉಪ್ಪು ಸೇರಿದೆ, ಬರೀ ತಿಕ್ಕಿದರೆ ಅದು ಹೋಗುವುದಿಲ್ಲ.

ತಿನ್ನುವ ತುಕ್ಕಿಗೆ ನಾನು ಬಳಸಿದ್ದು ಹೊಲಿಗೆ ಮಶಿನ್ ಎಣ್ಣೆ, ಬಿದಿರಿನ ಕಡ್ಡಿ, ಕೊನೆಗೆ ಅತಿ ನಯವಾದ ಸ್ಟೀಲ್ ವುಲ್. ಎಣ್ಣೆ ಹಚ್ಚಿ ಒಂದು ದಿನ ನೆನೆಯಲು ಬಿಟ್ಟು, ಅಲಗಿನ ಉದ್ದಕ್ಕೆ ತಿಕ್ಕಿ. ಹಿತ್ತಾಳೆ ಚುಕ್ಕೆಗಳ ಹತ್ತಿರ ಕಡ್ಡಿ ಮಾತ್ರ. ಕಪ್ಪು ಪದರ ಕಂಡ ಕೂಡಲೇ ನಿಲ್ಲಿಸಿ. ಹೊಳಪು ಬರಲಿ ಎಂದು ಮುಂದುವರಿದರೆ ನೂರು ವರ್ಷದ ಮೈಬಣ್ಣ ಒಂದು ಸಂಜೆಯಲ್ಲಿ ಹೋಗುತ್ತದೆ. ಉಪ್ಪುಕಾಗದ, ತಂತಿ ಬ್ರಷ್, ನಿಂಬೆಹಣ್ಣು, ಅಂಗಡಿಯ ತುಕ್ಕು ತೆಗೆಯುವ ಆಸಿಡ್ ಬೇಡವೇ ಬೇಡ. ನನ್ನ ಕತ್ತಿಯ ತುದಿಯಲ್ಲಿ ಯಾರೋ ಹಿಂದೆ ತಂತಿ ಬ್ರಷ್ ಆಡಿಸಿದ ಅಡ್ಡ ಗೀರುಗಳಿವೆ. ಅವನ್ನು ಅಳಿಸಲು ಇನ್ನಷ್ಟು ಕಬ್ಬಿಣ ಸವೆಸಬೇಕು. ಬಿಟ್ಟೆ.

ಜಾವಾದ ಕ್ರಿಸ್ ಬಗ್ಗೆ ಓದಿದವರು ಮಂಡಾವಿಗೂ ಪಾಷಾಣ ಹಚ್ಚಲು ಹೋಗುತ್ತಾರೆ. ಹಾಗೆ ಮಾಡಬೇಡಿ. ಕ್ರಿಸ್‌ನ ಅಲಗಿನಲ್ಲಿ ಕಬ್ಬಿಣದ ಜೊತೆ ನಿಕ್ಕಲ್ ಇರುವ ಪದರಗಳನ್ನು ಬೆಸೆದು ಪಾಮೋರ್ ಎಂಬ ಚಿತ್ತಾರ ತರುತ್ತಾರೆ. ಸುರಕಾರ್ತಾ ಅರಮನೆಯ ಕ್ರಿಸ್‌ಗಳಿಗೆ ಪ್ರಂಬಾನನ್ ಹತ್ತಿರ ಬಿದ್ದ ಉಲ್ಕೆಯ ಕಬ್ಬಿಣವನ್ನೂ ಬಳಸಿದ್ದರು. ನಿಂಬೆರಸದಲ್ಲಿ ಮನಶ್ಶಿಲೆಯಂಥ ಪಾಷಾಣ ಕಲಸಿ ಹಚ್ಚಿದರೆ ಕಬ್ಬಿಣ ಕಪ್ಪಾಗಿ, ನಿಕ್ಕಲ್ ಬೆಳ್ಳಗೆ ಉಳಿದು ಚಿತ್ತಾರ ಎದ್ದು ಕಾಣುತ್ತದೆ. ಜಾವಾ ಪಂಚಾಂಗದ ಸುರೊ ತಿಂಗಳಲ್ಲಿ ಕ್ರಿಸ್ ತೊಳೆಯುವ ಪದ್ಧತಿ ಅಲ್ಲಿ ಇವತ್ತಿಗೂ ಇದೆ. ಅದು ಬೇರೆ ದ್ವೀಪದ, ಬೇರೆ ಅಲಗಿನ ಸಂಪ್ರದಾಯ. ಮಂಡಾವಿಗೆ ಅದನ್ನು ಹಚ್ಚಿದರೆ ಕತ್ತಿಯೂ ಕೆಡುತ್ತದೆ, ಕೈಗೆ ವಿಷವೂ ಹತ್ತುತ್ತದೆ.

ಕೊನೆಗೆ ಸ್ಪಿರಿಟ್‌ನಿಂದ ಎಣ್ಣೆ ಒರೆಸಿ ತೆಗೆದು, ತೆಳ್ಳಗೆ ಮೈಕ್ರೋಕ್ರಿಸ್ಟಲೈನ್ ವ್ಯಾಕ್ಸ್ ಹಚ್ಚಿ. ಸ್ಪಿರಿಟ್ ರಾಳವನ್ನು ಕರಗಿಸುತ್ತದೆ, ಹಿಡಿಯ ಬುಡಕ್ಕೆ ತಾಗದಿರಲಿ. ಕೊಬ್ಬರಿ ಎಣ್ಣೆ ಹಚ್ಚುವ ಅಭ್ಯಾಸ ನಮ್ಮ ಮನೆಗಳಲ್ಲಿದೆ. ಅದು ಕಾಲ ಕಳೆದ ಹಾಗೆ ಕಮಟು ವಾಸನೆ ಬಂದು ಅಂಟಾಗುತ್ತದೆ, ಧೂಳು ಹಿಡಿಯುತ್ತದೆ.

ಒರೆ, ಬೆತ್ತ, ಹುಳ

ಅಲಗು ಒರೆಯಲ್ಲಿ ಸಿಕ್ಕಿಕೊಂಡಿದ್ದರೆ ತುಕ್ಕು ಮರಕ್ಕೆ ಕಚ್ಚಿದೆ ಎಂದರ್ಥ. ಸಂದಿನಿಂದ ಎರಡು ಹನಿ ತೆಳು ಎಣ್ಣೆ ಅಲಗಿನ ಬೆನ್ನಿಗೆ ಬಿಟ್ಟು, ಒಂದು ವಾರ ತಾಳಿ. ದಿನಕ್ಕೊಮ್ಮೆ ಮೆಲ್ಲಗೆ ಎಳೆದು ನೋಡಿ. ಹಿಡಿಯನ್ನು ಹಿಡಿದು ಜಗ್ಗಿದರೆ ಬರುವುದು ಹಿಡಿ, ಅಲಗಲ್ಲ.

ಮರದ ಹಿಟ್ಟು ಉದುರುತ್ತಿದ್ದರೆ ಒರೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದ ಹಾಗೆ ಮುಚ್ಚಿ, ಮೈನಸ್ 20 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಚೀಲವನ್ನು ಒಂದು ದಿನ ಬಿಚ್ಚಬೇಡಿ. ಇಲ್ಲವಾದರೆ ತಣ್ಣಗಿನ ಮರದ ಮೇಲೆ ನೀರು ಕೂರುತ್ತದೆ.

ಬೆತ್ತದ ಕಟ್ಟು ಹರಿದಿದ್ದರೆ ಹಳೆಯದನ್ನು ಬಿಚ್ಚಿ ಎಸೆಯಬೇಡಿ. ಉಳಿದದ್ದನ್ನು ಉಳಿಸಿ, ಇಲ್ಲದ ಜಾಗಕ್ಕೆ ಮಾತ್ರ ತೆಳು ಬೆತ್ತದ ಸೀಳನ್ನು ನೀರಿನಲ್ಲಿ ನೆನೆಸಿ ಕಟ್ಟಿ. ಒಣಗಿದಾಗ ತಾನಾಗಿಯೇ ಬಿಗಿಯುತ್ತದೆ. ಹೊಸ ಬೆತ್ತಕ್ಕೆ ಹಳೇ ಬಣ್ಣ ಹಚ್ಚಲಿಲ್ಲ ನಾನು. ನೋಡಿದವರಿಗೆ ಯಾವುದು ಹೊಸದೆಂದು ಗೊತ್ತಾಗಲಿ. ಹಿತ್ತಾಳೆಯ ಮೇಲಿನ ಕಿಲುಬನ್ನು ಒಣ ಕಡ್ಡಿಯಿಂದ ಬಿಡಿಸಿದರೆ ಸಾಕು. ಹುಣಸೆಹಣ್ಣು ಬೇಡ.

ಭಾರತಕ್ಕೆ ತರುವ ಯೋಚನೆ ಇದ್ದರೆ ಮೊದಲೇ ವಿಚಾರಿಸಿ. ಕತ್ತಿಗೆ ಆಯುಧ ಕಾಯ್ದೆ ಇದೆ. ಕಡವೆ ಕೊಂಬಿಗೆ 1972ರ ವನ್ಯಜೀವಿ ಕಾಯ್ದೆ ಇದೆ. ಕೆಲವು ಒರೆಗಳಲ್ಲಿ ಮಂಗಟ್ಟೆ ಹಕ್ಕಿಯ ಗರಿ ಇರುತ್ತದೆ, ಅದಕ್ಕೆ ಅಂತರರಾಷ್ಟ್ರೀಯ ನಿರ್ಬಂಧವೂ ಇದೆ. ನಾನಂತೂ ತರುವ ಗೋಜಿಗೆ ಹೋಗಿಲ್ಲ.

ಈಗ ಕತ್ತಿ ಒರೆಯ ಹೊರಗೆ, ಹತ್ತಿ ಬಟ್ಟೆ ಹಾಸಿದ ಉದ್ದ ಪೆಟ್ಟಿಗೆಯಲ್ಲಿ ಮಲಗಿದೆ. ಪಕ್ಕದಲ್ಲಿ ಒರೆ, ಸಿಲಿಕಾ ಜೆಲ್ ಪೊಟ್ಟಣ, ಮತ್ತು ಒಂದು ಕಾಗದ. ಅದರಲ್ಲಿ ಬರೆದಿಟ್ಟಿದ್ದೇನೆ: ಹಿಡಿಯ ರಾಳ ಹಳೆಯದು ಮತ್ತು ಹೊಸದು ಬೆರೆತದ್ದು, ಬಿಸಿಗೆ ಬಿಚ್ಚುತ್ತದೆ. ಒರೆಯ ಮೂರು ಬೆತ್ತದ ಕಟ್ಟು ಹೊಸವು. ತುದಿಯ ಗೀರು ನನಗಿಂತ ಹಿಂದಿನದು. ಕಪ್ಪು ಪಟ್ಟಿಯ ಎಡಬದಿ ನಾನು ಕೆರೆದದ್ದು.